ಟಿವಿಯ ಚಂದ್ರ, ಮಸೂತಿಯ ಮೈಕು

ಇವತ್ತು ಸಂಜೆ ಪಕ್ಕದ ಮನೆಯಿಂದ ತುಪ್ಪದಲ್ಲಿ ಶಾವಿಗೆ ಹುರಿಯುವ ಘಮ ಬಂತು. ನಾನು ಮನಸ್ಸಿನಲ್ಲೇ ಲಕ್ಷ್ಮೇಶ್ವರದ ನಮ್ಮ ಹಳೇ ಅಡುಗೆಮನೆಗೆ ಹೋಗಿಬಿಟ್ಟೆ.

ನಾನು ಚಿಕ್ಕವಳಿದ್ದಾಗ ಒಮ್ಮೆ ರಂಜಾನಿನ ಕೊನೆಯಲ್ಲಿ ಮೋಡ ಕವಿದಿತ್ತು. "ಟಿವ್ಯಾಗ ಚಂದ್ರ ಕಂಡೈತಂತ" ಎಂದು ಅಮ್ಮಿ ಶಾವಿಗೆ ಹುರಿಯಲು ಕೂತಳು. ನಾನು ಹೊಸ ಫ್ರಾಕು ತೊಟ್ಟೆ. ಅಪ್ಪನ ತಾಯಿ ದಾದಿಮಾ ಬಂದವಳೇ ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು.

"ಅದು ಯಾವೂರ ಚಂದ್ರನೋ ಏನೋ! ನಮ್ಮ ಮಸೂತಿ ಮೈಕ್ ಹೇಳ್ಲಿ."

"ಹೇಳದಿದ್ರ?" ಎಂದೆ ನಾನು.

"ನಾಳಿನೂ ರೋಜಾ, ಉಪಾಸ. ಫ್ರಾಕ್ ಬಿಚ್ಚಿಡ."

ಬಿಚ್ಚದೆ ಅಳುಮೋರೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಕೊನೆಗೂ ಮೈಕು ಕರಕರ ಎಂದಿತು, ನಾಳೆ ಈದ್ ಎಂದಿತು. ದಾದಿಮಾ ತಾನೇ ಕಟ್ಟಿಗೆಯನ್ನು ಒಲೆಯೊಳಗೆ ನೂಕಿದಳು.

ಈಗ ಮೊಬೈಲಿಗೆ ಊರೂರಿನ ಚಂದ್ರರು ಬಂದು ಬೀಳುತ್ತಿದ್ದಾರೆ. "ಯಾವ್ದು ಖರೆ, ಅಮ್ಮಿ?" ಎಂದಳು ನನ್ನ ಮಗಳು. ಫೋನು ಮಗುಚಿಟ್ಟು ಕಿಟಕಿ ತೆರೆದೆ. ಸದ್ಯ, ಇಲ್ಲಿನ ಮಸೂತಿಯ ಮೈಕೂ ಕರಕರ ಎಂದಿತು.