ಒಂಬತ್ತನೆಯ ದಿನ ನಿಲ್ಲಿಸಿದ ಎಣಿಕೆ

ಡಾಕ್ಟರು ಹೇಳಿದ ಒಂದು ಮಾತನ್ನು ನಾನು ನನ್ನ ಅಕ್ಕನಿಗೆ ಮುಟ್ಟಿಸಲಿಲ್ಲ. ಮರೆತೆ ಎಂದರೆ ನೀವು ನಂಬಿದರೂ ನಂಬಬಹುದು — ನಾನು ಮರೆತಿರಲಿಲ್ಲ. ಅವಳು ಬಾಯಿಬಿಟ್ಟು ಕೇಳಿದಳು. ನಾನು ಅದನ್ನು ತಿರುವಿ, ಇದ್ದದ್ದಕ್ಕೆ ವಿರುದ್ಧವಾಗಿ ಹೇಳಿದೆ. ಅವಳು ನಂಬಿದಳು. ತಮ್ಮನ ಮಾತಲ್ಲವೇ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಸಿಂಗರಿಸಿ ಬರೆಯಲು ನನಗೆ ಬಾರದು. ಈ ವಿಷಯಕ್ಕೆ ಅದೇ ಸರಿ.

ನಮ್ಮ ಊರು ತಾಳಗುಂದದ ಪಕ್ಕ. ಅಕ್ಕ ಗೌರಮ್ಮನನ್ನು ಸೊರಬದ ಕಡೆ ಉಳವಿಗೆ ಕೊಟ್ಟಿದ್ದೆವು. ಮದುವೆಯಾದ ನಾಲ್ಕನೆಯ ವರ್ಷ, ನೆತ್ತಿಯ ಮೇಲೆ ಸಸಿಯ ಹೊರೆ ಹೊತ್ತು ಗದ್ದೆಯ ಬದುವಿನಲ್ಲಿ ಜಾರಿದವಳಿಗೆ ಸೊಂಟ ಹಿಡಿಯಿತು. ವರ್ಷ ಕಳೆದರೂ ಬಿಡಲಿಲ್ಲ. ನಾಟಿಯ ಸಾಲಿನಲ್ಲಿ ಬಗ್ಗಲಾರದ ಸೊಸೆ ಆ ಮನೆಗೆ ಭಾರವಾದಳು. ಸುಗ್ಗಿ ಮುಗಿದ ಮೇಲೆ ಭಾವ ಅವಳನ್ನು ಬಸ್ಸಿನಲ್ಲಿ ಕರೆತಂದು ನಮ್ಮ ಜಗಲಿಯ ಮೇಲೆ ಕೂರಿಸಿದ.

"ನೋಡು ರುದ್ರಣ್ಣ, ಮುಂದಿನ ನಾಟಿ ಹೊತ್ತಿಗೆ ಬಗ್ಗೋ ಹಂಗೆ ಮಾಡಿ ಕಳ್ಸು ಮಾರಾಯ. ನಂಗೇನಿಲ್ಲ. ಮನೇಲಿ ಅವ್ವ ಬೇರೆ ಮಾತು ತೆಗ್ದಿದಾಳೆ."

ಬೇರೆ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಕಾಯಿದೆ ಅಡ್ಡ ಬಂದಿದೆ ಎಂದು ಕೇಳಿದ್ದೆವು; ಆದರೆ ಎರಡನೆಯ ಹೆಂಡತಿಯನ್ನು ತರುವವನು ಹಳ್ಳಿಯಲ್ಲಿ ಯಾವ ಕಾಯಿದೆಯನ್ನು ಕೇಳುತ್ತಿದ್ದ?

ಆಗ ನನಗೆ ಇಪ್ಪತ್ತೆರಡು. ನಾನು ಗರಡಿಯಲ್ಲಿ ಬೆಳೆದವನು. ಕುಸ್ತಿಯಲ್ಲಿ ಹೆಸರು ಮಾಡಿದವನಲ್ಲ, ಆದರೆ ನನ್ನ ಗಂಟಲು ದೊಡ್ಡದು. ಬೆಳಗಿನ ಹೊತ್ತು ಇಪ್ಪತ್ತು ಮಂದಿ ಬಸ್ಕಿ ಹೊಡೆಯುವಾಗ ಎಣಿಕೆ ಹೇಳುವ ಕೆಲಸವನ್ನು ಗರಡಿಯ ಗುರು ವಸ್ತಾದ ಅಜ್ಜ ನನಗೆ ಕೊಟ್ಟಿದ್ದ. ನನಗೆ ಇದ್ದ ಮರ್ಯಾದೆ ಅದೊಂದೇ — ಹಾಗೆಂದು ಆಗ ತಿಳಿದಿದ್ದೆ. ನಮ್ಮ ಗರಡಿಯ ಹೊಸ್ತಿಲನ್ನು ಹೆಂಗಸರು ತುಳಿಯುವಂತಿರಲಿಲ್ಲ. ಒಳಗಿನ ಕೆಮ್ಮಣ್ಣು ಕಾಲಿಗಂಟಿ ಮನೆಗೆ ಬಂದರೆ ಅದನ್ನೂ ಹೆಂಗಸರು ಗುಡಿಸುತ್ತಿರಲಿಲ್ಲ, ನಾವೇ ಬಳಿದು ಹಾಕುತ್ತಿದ್ದೆವು.

ನಯಾಪೈಸೆ ಹೊಸದಾಗಿ ಬಂದ ಬೇಸಿಗೆ ಅದು. ಯುಗಾದಿ ಕಳೆದ ಮೇಲೆ ಅಕ್ಕನನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಶಿಕಾರಿಪುರಕ್ಕೆ ಹೋದೆ. ಅಲ್ಲಿ ಒಬ್ಬ ಡಾಕ್ಟರು, ದೂರದ ಊರಿನಲ್ಲಿ ಕಲಿತು ಬಂದವರು, ಸೂಜಿಯನ್ನೇ ಚುಚ್ಚದೆ ಸೊಂಟ ನೋಡುತ್ತಾರೆ ಎಂದು ಸುದ್ದಿಯಿತ್ತು. ಅವರು ಅಕ್ಕನ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿದರು, ಕಾಲು ಎತ್ತಿಸಿ ನೋಡಿದರು. ಮೂಳೆ ಮುರಿದಿಲ್ಲ, ನರ ಕೆಟ್ಟಿಲ್ಲ ಎಂದರು. ಆಮೇಲೆ ಪ್ಯಾಂಟು ತೊಟ್ಟಿದ್ದ ಹಾಗೆಯೇ ಚಾಪೆಯ ಮೇಲೆ ಅಂಗಾತ ಮಲಗಿಬಿಟ್ಟರು. ಮಂಡಿಯನ್ನು ಎದೆಗೆ ತಂದು ತೋರಿಸಿದರು. ಪಾದ ಊರಿ ಸೊಂಟ ಎತ್ತಿ ತೋರಿಸಿದರು. ಅಂಬೆಗಾಲಿನಲ್ಲಿ ನಿಂತು ಬೆನ್ನನ್ನು ಬೆಕ್ಕಿನಂತೆ ಏರಿಸಿ ಇಳಿಸಿದರು. ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ವರ್ಷದಿಂದ ಅವಳು ನಕ್ಕದ್ದು ನಾನು ನೋಡಿರಲಿಲ್ಲ.

ಅವಳು ಮೆಲ್ಲಗೆ ಗಾಡಿಯ ಕಡೆ ನಡೆದ ಮೇಲೆ ಡಾಕ್ಟರು ನನ್ನ ಭುಜ ಹಿಡಿದು ನಿಲ್ಲಿಸಿದರು.

"ನೀನು ಗರಡಿ ಹುಡುಗ, ನಿನಗೆ ಅರ್ಥ ಆಗುತ್ತೆ. ಮೊದಲ ಹದಿನೈದು ದಿವಸ ನೋವು ಏಳುತ್ತೆ. ಹೆದರಿಕೊಂಡು ಬಿಡ್ತಾಳೆ. ಬಿಡೋಕೆ ಬಿಡಬೇಡ. ನೋವಾದರೆ ಎಣಿಕೆ ಕಡಿಮೆ ಮಾಡು, ನಿಲ್ಲಿಸಬೇಡ. ಮಲಗಿಸಿದರೆ ಇನ್ನೂ ಬಿಗಿಯುತ್ತೆ. ಕಾಲಿಗೆ ಜೋಮು ಹತ್ತಿದರೆ ಮಾತ್ರ ಕರಕೊಂಡು ಬಾ. ಮೂರು ತಿಂಗಳು ನೋಡೋಣ."

ಇದು ಆ ಮಾತು. ಒಂದಕ್ಷರ ಮರೆತಿಲ್ಲ.

ಮನೆಯಲ್ಲಿ ಶುರು ಮಾಡಿದೆವು. ಅವ್ವನಿಗೆ ಮನಸ್ಸಿರಲಿಲ್ಲ. "ಹೆಣ್ಮಗಳು ಕಾಲು ಮ್ಯಾಲೆತ್ತಿ ಬೀಳೋದು ಯಾವ ಔಷಧನೋ ಯಪ್ಪಾ" ಎಂದು ಗೊಣಗುತ್ತ ಹಿತ್ತಿಲಿಗೆ ಹೋಗುತ್ತಿದ್ದಳು. ಅಕ್ಕ ನಾಟಿಗೆ ಇಳಿಯುವವಳಂತೆ ಸೀರೆ ಎತ್ತಿ ಕಚ್ಚೆ ಕಟ್ಟಿ ಒಳಕೋಣೆಯಲ್ಲಿ ಚಾಪೆ ಹಾಸುತ್ತಿದ್ದಳು. ನಾನು ಬಾಗಿಲ ಹೊರಗೆ ಬೆನ್ನು ತಿರುಗಿಸಿ ಕೂತು ಎಣಿಸುತ್ತಿದ್ದೆ. ಗರಡಿಯ ಅದೇ ಎಳೆತ, ಅದೇ ಏರುದನಿ.

"ಸಣ್ಣಗೆ ಎಣಿಸೋ, ಊರೆಲ್ಲ ಕೇಳ್ತೈತಿ" ಎನ್ನುತ್ತಿದ್ದಳು.

ನಾನು ಸಣ್ಣಗೆ ಎಣಿಸಲಿಲ್ಲ. ಊರಿಗೆ ಕೇಳಿಸಿತು.

ಎಂಟನೆಯ ಬೆಳಿಗ್ಗೆ ಗರಡಿಯಲ್ಲಿ ಮಲ್ಲ್ಯಾ — ನನ್ನ ಜೊತೆಯವನೇ, ಕೆಟ್ಟವನಲ್ಲ — ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿದ, "ಏನ್ ಪೈಲ್ವಾನ, ಮನ್ಯಾಗ ಇನ್ನೊಂದು ಗರಡಿ ತೆಗ್ದೀಯಂತಲ್ಲ? ಗೌರಕ್ಕನ್ನ ಈ ಸಲ ಕುಸ್ತಿಗೆ ಬಿಡ್ತೀ ಏನು?"

"ಜೋಡಿ ಯಾರಂತ? ನೀನಾ?" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನೂ ಹೇಳಿಬಿಡುತ್ತೇನೆ — ನಾನೂ ನಕ್ಕೆ.

ವಸ್ತಾದ ಅಜ್ಜ ನಗಲಿಲ್ಲ. "ಹೆಂಗಸರಿಗೆ ಎಣಿಸಿದ ಬಾಯಿಲೆ ಇಲ್ಲಿ ಎಣಿಸಬ್ಯಾಡ. ಅಲ್ಲಿ ಬಿಡು, ಇಲ್ಲಾಂದ್ರ ಇಲ್ಲಿ ಬಿಡು" ಎಂದ. ಆ ದಿನ ಎಣಿಕೆಯನ್ನು ಮಲ್ಲ್ಯಾನಿಗೆ ಕೊಟ್ಟ. ನಾನು ಸಾಲಿನ ಕೊನೆಯಲ್ಲಿ ನಿಂತು ಅವನ ಒಡಕು ಗಂಟಲಿಗೆ ಬಸ್ಕಿ ಹೊಡೆದೆ.

ಮರುದಿನ, ಒಂಬತ್ತನೆಯ ದಿನ, ಅಕ್ಕನಿಗೆ ನೋವು ಎದ್ದಿತು. ಡಾಕ್ಟರು ಹೇಳಿದ್ದ ಹಾಗೆಯೇ ಎದ್ದಿತು. ಕಾಲಿಗೆ ಜೋಮಿಲ್ಲ, ಸೊಂಟದಲ್ಲಿ ಮಾತ್ರ. ಅವಳು ಗೋಡೆ ಹಿಡಿದು ಬಾಗಿಲಿಗೆ ಬಂದಳು. ಹಣೆಯಲ್ಲಿ ಬೆವರು. ಆದರೂ ಕಚ್ಚೆ ಬಿಚ್ಚಿರಲಿಲ್ಲ — ಇದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಅವಳು ಕಚ್ಚೆ ಬಿಚ್ಚಿರಲಿಲ್ಲ. ಮಾಡು ಎಂದಿದ್ದರೆ ಮಾಡುತ್ತಿದ್ದಳು.

"ತಮ್ಮಾ, ನೋವಾದ್ರೆ ಏನು ಮಾಡ್ಬೇಕಂತ ಹೇಳಿದ್ರು ಡಾಕ್ಟರು?"

ನಾನು ಅಂದೆ: "ನೋವಾದ್ರೆ ಬಿಟ್ಟುಬಿಡಬೇಕು ಅಂದಿದ್ರು."

ಅಷ್ಟೇ. ಅವಳು ಕಚ್ಚೆ ಬಿಚ್ಚಿದಳು. ಆಮೇಲೆ ಚಾಪೆ ಸುತ್ತಿದಳು.

ನನಗೆ ನಾನೇ ಹೇಳಿಕೊಂಡದ್ದು ಬಹಳ ಇದೆ. ಗರಡಿಯಲ್ಲಿ ಉಳುಕಿದ ಮೈಗೆ ಎಣ್ಣೆ ಹಾಕಿ ಮಲಗಿಸುವುದೇ ಪದ್ಧತಿ, ಹಾಗಾಗಿ ಡಾಕ್ಟರ ಮಾತಿನ ಮೇಲೆ ನನಗೂ ಅನುಮಾನವಿತ್ತು ಎಂದು... ಅದು ಸುಳ್ಳು. ಅನುಮಾನವಿದ್ದರೆ ಮರುದಿನ ಶಿಕಾರಿಪುರಕ್ಕೆ ಹೋಗಿ ಕೇಳಬಹುದಿತ್ತು. ನಾನು ಹೋದದ್ದು ಗರಡಿಗೆ. ಎಣಿಕೆ ನನಗೆ ವಾಪಸು ಸಿಕ್ಕಿತು.

ಅಕ್ಕ ಮಲಗಿದಳು. ಅವ್ವ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿದಳು. ಮೂರು ತಿಂಗಳಲ್ಲಿ ಅವಳ ತೊಡೆಗಳು ಕಡ್ಡಿಯಾದವು. ಎದ್ದು ಕೂರುವುದಕ್ಕೂ ಕೈ ಬೇಕಾಯಿತು. ಮಳೆ ಹಿಡಿದು ಸಸಿ ಎದ್ದಾಗ ಭಾವ ಬಂದ. ಅಕ್ಕ ಹೊಸ ಸೀರೆ ಉಟ್ಟು, ಹೂ ಮುಡಿದು, ಏಳುತ್ತೇನೆ ಎಂದು ಕಂಬ ಹಿಡಿದಳು. ಅರ್ಧ ಎದ್ದು ಹಾಗೆಯೇ ಕುಸಿದಳು. ಭಾವ ಕಾಫಿ ಲೋಟ ಕೆಳಗಿಟ್ಟು, "ಇರ್ಲಿ, ಇರ್ಲಿ, ಎದ್ದೇಳ್ಬೇಡ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುಗಿಯಿತು ಎಂದು ಆಗಲೇ ತಿಳಿಯಿತು. ಮುಂದಿನ ಕಾರ್ತಿಕದಲ್ಲಿ ಉಳವಿಯ ಆ ಮನೆಗೆ ಬೇರೆ ಹೆಣ್ಣು ಬಂದಳು. ಅಕ್ಕನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದರು.

ಅಕ್ಕ ಯಾರನ್ನೂ ದೂರಲಿಲ್ಲ. ಕೇಳಿದವರಿಗೆ, "ಡಾಕ್ಟರು ಹೇಳಿದ್ದು ಮಾಡಿದ್ವಿ, ನಂಗೆ ಒಗ್ಗಲಿಲ್ಲ" ಎನ್ನುತ್ತಿದ್ದಳು. ಅದನ್ನು ಕೇಳಿ ಊರಿನ ಸೊಂಟನೋವಿನ ಹೆಂಗಸರು ಒಬ್ಬರೂ ಆ ಡಾಕ್ಟರ ಬಳಿ ಹೋಗಲಿಲ್ಲ. ನನ್ನ ಸುಳ್ಳು ಎಷ್ಟು ಮನೆ ಹೊಕ್ಕಿತೋ ನನಗೆ ತಿಳಿಯದು. ಮೂರು ತಿಂಗಳು ಮಾಡಿದ್ದರೆ ಅವಳು ಖಂಡಿತ ನೆಟ್ಟಗಾಗುತ್ತಿದ್ದಳೇ? ಅದೂ ತಿಳಿಯದು. ಡಾಕ್ಟರೂ ಮಾತು ಕೊಟ್ಟಿರಲಿಲ್ಲ, ನೋಡೋಣ ಎಂದಿದ್ದರು. ನೋಡುವುದಕ್ಕೇ ನಾನು ಬಿಡಲಿಲ್ಲ.

ಅವಳು ನಮ್ಮ ಮನೆಯಲ್ಲೇ ಉಳಿದಳು. ಗೋಡೆ ಹಿಡಿದು ನಡೆದಳು, ನನ್ನ ಮಕ್ಕಳನ್ನು ಬೆಳೆಸಿದಳು. ಗರಡಿಯ ಮಾಡು ಕುಸಿಯಿತು, ವಸ್ತಾದ ಅಜ್ಜ ಹೋದ, ಮಲ್ಲ್ಯಾನೂ ಹೋದ. ಯಾರ ನಗುವಿಗೆ ಹೆದರಿದ್ದೆನೋ ಆ ನಗು ಈಗ ಯಾರ ಬಾಯಲ್ಲೂ ಇಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಭತ್ತದ ಚೀಲ ಎತ್ತುವಾಗ ನನ್ನ ಸೊಂಟ ಹಿಡಿಯಿತು. ಶಿವಮೊಗ್ಗದಲ್ಲಿ ತೋರಿಸಿದೆ. ಅಲ್ಲಿಯವರು ನನ್ನನ್ನು ಚಾಪೆಯ ಮೇಲೆ ಮಲಗಿಸಿ ಮಂಡಿಯನ್ನು ಎದೆಗೆ ತರಿಸಿದರು. ಪಾದ ಊರಿ ಸೊಂಟ ಎತ್ತಿಸಿದರು. ನನ್ನ ಕಣ್ಣಲ್ಲಿ ನೀರು ಬಂತು. ನೋವೇ ಎಂದು ಕೇಳಿದರು. ಹೌದೆಂದೆ.

ಮನೆಯಲ್ಲಿ ನಡುಮನೆಯಲ್ಲೇ ಮಲಗಿ ಮಾಡತೊಡಗಿದೆ. ಗಂಡಸಿಗೆ ಬಾಗಿಲು ಹಾಕುವ ಅಗತ್ಯವಿಲ್ಲ. ಅಕ್ಕ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಇದು ಅದೇ ಅಲ್ಲೇನೋ, ಬೆಕ್ಕಿನ ಆಟ?" ಎಂದು ನಕ್ಕಳು. ಆಮೇಲೆ ತಾನಾಗಿಯೇ ಎಣಿಸತೊಡಗಿದಳು. ನನ್ನದೇ ಎಳೆತದಲ್ಲಿ. ದಿನವೂ ಎಣಿಸಿದಳು.

ಎರಡನೆಯ ವಾರ ನನಗೂ ನೋವು ಎದ್ದಿತು. "ಸಾಕು ಬಿಡು, ನೋವಾದ್ರೆ ಬಿಡ್ಬೇಕು" ಎಂದಳು. "ಬಿಡಬಾರ್ದಂತೆ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅವಳ ಕೈ ನಿಂತಿತು. "ಆಗ ಬಿಡು ಅಂದಿದ್ರಲ್ಲ?"

ನಿಜ ಹೇಳಲು ಅದೇ ಹೊತ್ತಾಗಿತ್ತು. ನಾನು, "ಕಾಲ ಬದಲಾಗೈತಿ ಅಕ್ಕಾ, ಔಷಧನೂ ಬದಲಾಗೈತಿ" ಎಂದೆ. ಎರಡನೆಯ ಸಲ. ಈ ಸಲ ನಗುವವರು ಯಾರೂ ಇರಲಿಲ್ಲ.

ಅವಳು ಮತ್ತೆ ಎಣಿಸಿದಳು. ಮೂರು ತಿಂಗಳು ಬಿಡದೆ ಎಣಿಸಿ ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ನಾನು ಗದ್ದೆಗೆ ಇಳಿದು, ಬಗ್ಗಿ, ಒಂದು ಸಾಲು ನೆಟ್ಟು ಬಂದ ದಿನ ಅವಳು ಕಾಲು ತೊಳೆಯಲು ನೀರು ಇಟ್ಟಿದ್ದಳು. ಅಷ್ಟು ನೀರು ಎತ್ತಲು ಅವಳಿಗೆ ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು. ಕಂಬಕ್ಕೆ ಒರಗಿ ನನ್ನ ಬೆನ್ನನ್ನೇ ನೋಡುತ್ತಾ ಅಂದಳು:

"ಪಾಪ, ಆ ಡಾಕ್ಟರು ಒಳ್ಳೇರಿದ್ರು. ನೋವಾದ್ರೂ ಬಿಡಬಾರ್ದು ಅಂತ ಆಗ ಅವ್ರಿಗೂ ಗೊತ್ತಿರಲಿಲ್ಲ ನೋಡು."

ನನ್ನ ಕೈಯ ಚೆಂಬು ಕೆಳಗಿಟ್ಟೆ. ಅವಳು ನಿಂತೇ ಇದ್ದಳು. ನನ್ನ ಮಾತು ಕೇಳಿದ ಮೇಲೆ ಅವಳು ಏನೆಂದಳು ಎಂಬುದನ್ನು ನಾನು ಬರೆಯುವುದಿಲ್ಲ, ಅದು ಅವಳದು. ನಾನು ಹೇಳಿದ್ದು ಇಷ್ಟು:

"ಗೊತ್ತಿತ್ತಕ್ಕಾ. ಅವ್ರಿಗೆ ಗೊತ್ತಿತ್ತು. ನೋವಾದ್ರೂ ಬಿಡಬ್ಯಾಡ ಅಂತಾನೇ ಹೇಳಿದ್ರು, ನನ್ನ ಭುಜ ಹಿಡಿದು ಹೇಳಿದ್ರು. ಬಿಡು ಅಂದಾಂವ ನಾನು. ಗರಡಿಯಾಗ ನಗ್ತಾರಂತ ಅಂದೆ. ತಪ್ಪಾತಕ್ಕಾ. ನಂದೇ ತಪ್ಪು."