ಗುಂಡು ಮುದ್ರೆಯ ಒಂದು ಮತ

ನಮ್ಮ ನಗರಸಭೆಗೆ ನೂರು ವರ್ಷ ತುಂಬಿತೆಂದು ಒಂದು ಪುಸ್ತಕ ತರುತ್ತಿದ್ದಾರೆ. ಅಧ್ಯಕ್ಷರ ಫೋಟೋಗಳು, ಅವರು ಕತ್ತರಿಸಿದ ರಿಬ್ಬನ್ನುಗಳು, ಎಲ್ಲವೂ ಇರುತ್ತವೆ. ನಿವೃತ್ತ ಗುಮಾಸ್ತನಾದ ನನ್ನನ್ನು ಕರೆದು, "ಹಳೇ ಚುನಾವಣೆಗಳ ಬಗ್ಗೆ ನಾಲ್ಕು ಮಾತು ಬರ್ಕೊಡಿ" ಅಂದರು. ಬರೆದುಕೊಟ್ಟೆ. ಓದಿದವರು, "ಜವಾನನ ಕಥೆ ಇದರಲ್ಲಿ ಯಾಕೆ ಸಾರ್?" ಎಂದು ಹಾಳೆಗಳನ್ನು ವಾಪಸ್ ಕೊಟ್ಟರು. ಹಾಳಾಗಿ ಹೋಗಲಿ ಅವರ ಪುಸ್ತಕ. ಅದೇ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಅವನನ್ನು ನಾವೆಲ್ಲ ಮುದ್ರೆಯಣ್ಣ ಎಂದು ಕರೆಯುತ್ತಿದ್ದೆವು. ಮೂವತ್ತೆಂಟು ವರ್ಷ ಕಚೇರಿಯ ಗುಂಡು ಮುದ್ರೆ ಅವನ ವಶದಲ್ಲಿತ್ತು. ಜನನ ಪತ್ರ, ಮರಣ ಪತ್ರ, ಮನೆ ಕಟ್ಟುವ ಪರವಾನಗಿ, ಏನೇ ಹೊರಗೆ ಹೋಗಬೇಕಾದರೂ ಅವನ ಮೇಜಿಗೆ ಬಂದೇ ಹೋಗಬೇಕು. ಅವನು ಒತ್ತಿದ ಮುದ್ರೆ ಕೂದಲೆಳೆಯಷ್ಟೂ ವಾಲುತ್ತಿರಲಿಲ್ಲ, ಇಂಕು ಹರಡುತ್ತಿರಲಿಲ್ಲ. "ನಿದ್ದೆಗಣ್ಣಲ್ಲಿ ಹೆಂಡ್ತಿ ಹಣೆಗೂ ಒತ್ತಿಬಿಟ್ಟೀಯ, ಹುಷಾರು" ಎಂದು ನಾನು ರೇಗಿಸಿದರೆ, "ಅವಳು ನನಗಿಂತ ಮುಂಚೆ ಏಳ್ತಾಳೆ ಸಾರ್, ಅದಕ್ಕೇ ಬಚಾವಾಗಿದ್ದಾಳೆ" ಅನ್ನುತ್ತಿದ್ದ.

ಚುನಾವಣೆಯ ಪಾಠ ನನಗೆ ಹೇಳಿಕೊಟ್ಟವನೂ ಅವನೇ. ಅವನ ಅಪ್ಪನೂ ಅದೇ ಕಚೇರಿಯಲ್ಲಿ ಜವಾನನಾಗಿದ್ದ. ಆ ಕಾಲದಲ್ಲಿ ಊರಿನ ದೊಡ್ಡ ಮನುಷ್ಯರು ಸಭಾಂಗಣದಲ್ಲಿ ಕೂತು ಕೈ ಎತ್ತಿದರೆ ಚುನಾವಣೆ ಮುಗಿಯುತ್ತಿತ್ತಂತೆ. ಆಮೇಲೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೆಟ್ಟಿಗೆ ಬಂತು. ಅದಾದ ಮೇಲೆ ಚೀಟಿ, ಚಿಹ್ನೆ, ಗುಣಾಕಾರದ ಗುರುತಿರುವ ಪುಟ್ಟ ಮೊಹರು. ನಡುವೆ ಹನ್ನೊಂದು ವರ್ಷ ಚುನಾವಣೆಯೇ ನಡೆಯಲಿಲ್ಲ. ಮೇಲಿನವರು ಒಬ್ಬ ಅಧಿಕಾರಿಯನ್ನು ತಂದು ಕೂರಿಸಿ ಕೈತೊಳೆದುಕೊಂಡರು. ಆ ಹನ್ನೊಂದು ವರ್ಷವೂ ಮುದ್ರೆಯಣ್ಣ ಸದಸ್ಯರ ಖಾಲಿ ಕುರ್ಚಿಗಳನ್ನು ದಿನಾ ಒರೆಸಿದ್ದಾನೆ. "ಯಾರು ಬಂದು ಕೂರ್ತಾರೆ ಅಂತ ಒರೆಸ್ತೀಯೋ ಮಾರಾಯ?" ಎಂದರೆ, "ಬಂದಾಗ ಧೂಳಿರಬಾರದಲ್ಲ ಸಾರ್" ಅನ್ನುತ್ತಿದ್ದ.

ನಾನು ಮೊದಲ ಸಲ ಮತ ಎಣಿಕೆಗೆ ಕೂತಾಗ ಅವನು ಕಿವಿಯಲ್ಲಿ ಹೇಳಿದ ಮಾತು ಈಗಲೂ ನೆನಪಿದೆ. "ಚಿಹ್ನೆ ಮೇಲೆ ಗುಣಾಕಾರ ಬಿದ್ರೆ ಅದು ಮತ. ಹೆಬ್ಬೆಟ್ಟು, ಸಹಿ, ಬೇರೆ ಮುದ್ರೆ, ಏನು ಬಿದ್ರೂ ಚೀಟಿ ಸತ್ತ ಹಾಗೆ. ಅಯ್ಯೋ ಪಾಪ ಅನ್ನೋಕೆ ಹೋಗ್ಬೇಡಿ. ಇವರಿಗೆ ಪಾಪ ಅಂದ್ರೆ ಅವರಿಗೆ ಮೋಸ ಮಾಡಿದ ಹಾಗೆ."

ಅವನ ಬೀದಿಯ ಕೊನೆಯಲ್ಲಿ ನಗರಸಭೆಯ ಎರಡು ಕೋಣೆಯ ಆಸ್ಪತ್ರೆ ಇತ್ತು. ಒಬ್ಬಳು ನರ್ಸು, ಬೆಳಿಗ್ಗೆ ಮಾತ್ರ ಬರುವ ಡಾಕ್ಟರು, ಒಂದು ಆಮ್ಲಜನಕದ ಸಿಲಿಂಡರು. ಅವನ ಹೆಂಡತಿಗೆ ಉಬ್ಬಸ. ಉಸಿರು ಕಟ್ಟಿದಾಗ ಗೋಡೆ ಹಿಡಿದುಕೊಂಡು ಅಲ್ಲಿಯವರೆಗೆ ನಡೆಯುವುದು ಅವಳಿಂದ ಆಗುತ್ತಿತ್ತು, ಅದಕ್ಕಿಂತ ಒಂದು ಹೆಜ್ಜೆ ಆಚೆಗೆ ಆಗುತ್ತಿರಲಿಲ್ಲ. ಆ ಕಟ್ಟಡ ಕೆಡವಿ ಅಂಗಡಿ ಮಳಿಗೆ ಕಟ್ಟಬೇಕೆಂದು ಅದೇ ವಾರ್ಡಿನ ಸದಸ್ಯರು ಪಟ್ಟು ಹಿಡಿದರು. ಬೀದಿಯವರಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಕೊನೆಗೆ ಆಸ್ಪತ್ರೆಯ ಎದುರಿಗೇ ಬಟ್ಟೆ ಹೊಲಿಯುತ್ತಿದ್ದ ಮುದ್ರೆಯಣ್ಣನ ಮಗಳು, "ಅಮ್ಮನ ಉಸಿರು ಇವರ ಕೈಯಲ್ಲಿದೆ ಅಂದ್ರೆ ನಾನೇ ಹೋಗಿ ಅಲ್ಲಿ ಕೂರ್ತೀನಿ" ಎಂದು ಚುನಾವಣೆಗೆ ನಿಂತಳು. ಅವಳ ಚಿಹ್ನೆ ಕತ್ತರಿ.

ಕಚೇರಿಯ ನೌಕರ ಯಾರ ಪರವೂ ಮಾತಾಡುವಂತಿಲ್ಲ. ಮುದ್ರೆಯಣ್ಣ ಮನೆ ಬಾಗಿಲಿಗೆ ಮಗಳ ಚಿತ್ರವನ್ನೂ ಅಂಟಿಸಲು ಬಿಡಲಿಲ್ಲ. "ಅಪ್ಪ, ನಿನ್ನ ಓಟಾದ್ರೂ ನನಗೆ ಸಿಗುತ್ತಾ?" ಎಂದು ಅವಳು ನಮ್ಮೆದುರಿಗೇ ಕಾಲೆಳೆದಳು. "ಅದು ಗುಟ್ಟು, ಹೋಗಮ್ಮ" ಅಂದ. ಅವನ ಮುಖ ಮಾತ್ರ ಗುಟ್ಟು ಬಿಟ್ಟುಕೊಡುತ್ತಿತ್ತು.

ಚುನಾವಣೆ ಕೆಲಸಕ್ಕೆ ಹೋಗುವ ನೌಕರರು ಮೂರು ದಿನ ಮುಂಚೆಯೇ ಕಚೇರಿಯಲ್ಲಿ ಮತ ಹಾಕುವುದು ರೂಢಿ. ಒಬ್ಬೊಬ್ಬರ ಲಕೋಟೆಯ ಮೇಲೂ ಗುಂಡು ಮುದ್ರೆ ಬೀಳಬೇಕು. ಬೆಳಿಗ್ಗೆಯಿಂದ ನೂರಾ ಹನ್ನೆರಡು ಲಕೋಟೆಗೆ ಅವನು ಮುದ್ರೆ ಒತ್ತಿದ. ಕೊನೆಗೆ ತನ್ನ ಚೀಟಿ ಹಿಡಿದು, ಗುಣಾಕಾರದ ಮೊಹರು ಇಟ್ಟಿದ್ದ ರಟ್ಟಿನ ಮರೆಗೆ ಹೋದ. ಬಂದವನ ಕಣ್ಣು ತುಂಬಿತ್ತು. "ಅಚ್ಚಾದ ಕಾಗದದಲ್ಲಿ ಮಗಳ ಹೆಸರು ನೋಡಿದೆ ಸಾರ್" ಅಂದ. ಅವನ ಬಲಗೈಯಲ್ಲಿ ಆಗಲೂ ಗುಂಡು ಮುದ್ರೆ ಇತ್ತು. ನಾನು ಅದನ್ನು ನೋಡಿದೆ. ನೋಡಿಯೂ ನನಗೇನೂ ಹೊಳೆಯಲಿಲ್ಲ, ನನ್ನ ತಲೆಗಿಷ್ಟು ಮಣ್ಣು ಹಾಕ.

ಎಣಿಕೆ ಮುಗಿದಾಗ ಮಗಳಿಗೂ ಹಳೇ ಸದಸ್ಯರಿಗೂ ತಲಾ ಒಂಬೈನೂರ ಹದಿನಾಲ್ಕು. ಅಧಿಕಾರಿ, ಅನುಮಾನವೆಂದು ಬದಿಗಿಟ್ಟ ಚೀಟಿಗಳನ್ನು ಮತ್ತೆ ತೆಗೆಸಿದರು. ಏಳಿದ್ದವು. ಆರು ಚೀಟಿ ಸತ್ತವೇ ಎಂಬುದರಲ್ಲಿ ಯಾವ ತಕರಾರೂ ಬರಲಿಲ್ಲ. ಏಳನೆಯದನ್ನು ಬಿಡಿಸಿದೆ. ಅದು ನೌಕರರ ಕಟ್ಟಿನಿಂದ ಬಂದದ್ದು. ಗುಣಾಕಾರ ಎಲ್ಲೂ ಇಲ್ಲ. ಕತ್ತರಿಯ ಚಿಹ್ನೆಯ ಮೇಲೆ, ನಟ್ಟನಡುವೆ, ಕೂದಲೆಳೆಯಷ್ಟೂ ವಾಲದ ಗುಂಡು ಮುದ್ರೆ. ಹಾಗೆ ಒತ್ತುವ ಕೈ ಊರಿಗೆಲ್ಲ ಒಂದೇ. ತಂತಿ ಬಲೆಯ ಆಚೆ ನಿಂತಿದ್ದ ಮಗಳೂ ನೋಡಿದಳು.

"ಯಾರಿಗೆ ಹಾಕಿದ್ದಾರೆ ಅಂತ ಗೊತ್ತಾಗ್ತಿದೆಯಲ್ರೀ. ನೀವೇನಂತೀರಿ?" ಎಂದು ಅಧಿಕಾರಿ ನನ್ನನ್ನು ಕೇಳಿದರು. ಎದುರು ಪಕ್ಷದವರು ಇನ್ನೂ ಚೀಟಿಯತ್ತ ಬಗ್ಗಿ ನೋಡುತ್ತಿದ್ದರು. ಸಿಂಧು ಎಂದು ಹೇಳಬೇಕೆಂದೇ ಬಾಯಿ ತೆರೆದಿದ್ದೆ, ದೇವರಾಣೆ. ಅಷ್ಟರಲ್ಲಿ ಬೆನ್ನ ಹಿಂದೆ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದವನ ದನಿ ಬಂತು.

"ಅದು ಅಸಿಂಧು ಸಾರ್. ಬದಿಗಿಡಿ."

ನಾನು ಚೀಟಿಯನ್ನು ಬದಿಗಿಟ್ಟೆ. ಮತ ಸಮವಾದ್ದರಿಂದ ಅಧಿಕಾರಿ ಎರಡು ಹೆಸರು ಬರೆದು ಲಾಟರಿ ಎತ್ತಿದರು. ಹಳೇ ಸದಸ್ಯರ ಹೆಸರು ಬಂತು.

ಮಗಳು ಬಲೆ ದಾಟಿ ಒಳಗೆ ಬಂದಳು. ಅಪ್ಪನ ಕೈಯಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟು, "ನಡಿ ಅಪ್ಪ, ಅಮ್ಮ ಕಾಯ್ತಿರ್ತಾಳೆ" ಅಂದಳು. "ಬೈದಿದ್ರೆ ಚೆನ್ನಾಗಿತ್ತು ಸಾರ್" ಎಂದು ಅವನು ಮರುದಿನ ನನ್ನ ಹತ್ತಿರ ಗೋಳಾಡಿದ. "ಮನೇಲಿ ಇಬ್ಬರೂ ಬೈಯಲ್ಲ. ಬಿಸಿ ಅನ್ನ ಬಡಿಸ್ತಾರೆ."

ನಾಲ್ಕು ತಿಂಗಳಲ್ಲಿ ಆಸ್ಪತ್ರೆಗೆ ಬೀಗ ಬಿತ್ತು. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಒಂದು ಬೆಳಿಗ್ಗೆ ಮೊದಲನೇ ಬಸ್ಸಿಳಿದು ಎರಡನೆಯದಕ್ಕೆ ಕಾಯುತ್ತಾ, ನಿಲ್ದಾಣದ ಬೆಂಚಿನ ಮೇಲೆ, ಮಗಳ ತೋಳಿನಲ್ಲಿ ಮುದ್ರೆಯಣ್ಣನ ಹೆಂಡತಿಯ ಉಸಿರು ನಿಂತುಹೋಯಿತು.

ವಾರ ಕಳೆದು ಅಪ್ಪ, ಮಗಳು ಮರಣ ಪತ್ರಕ್ಕೆ ಬಂದರು. ನಾನು ಬರೆದು ಸಹಿ ಹಾಕಿಸಿದೆ. ಮುದ್ರೆಯ ಡಬ್ಬಿಯ ಕೀಲಿ ಅವನ ಸೊಂಟದಲ್ಲೇ ಇತ್ತು. ಬೀಗ ತೆಗೆದ, ಮುದ್ರೆಯನ್ನು ನನ್ನ ಕಡೆ ತಳ್ಳಿದ.

"ನೀವೇ ಒತ್ತಿ ಸಾರ್. ಈ ಕೈ ಬೇಡ."

ನಾನು ಎತ್ತಿಕೊಳ್ಳಲು ಹೋದೆ. ಮಗಳು ತಡೆದಳು. "ಬೇಡ ಸಾರ್, ಅಪ್ಪನೇ ಒತ್ತಲಿ. ಅಮ್ಮಂಗೆ ಬೇರೆಯವರ ಕೈ ಯಾಕೆ?" ಎಂದು ಮುದ್ರೆಯನ್ನು ಅವನ ಬೆರಳುಗಳ ನಡುವೆ ಇಟ್ಟಳು. ಅವನು ಇಂಕಿಗೆ ಅದ್ದಿದ, ಒತ್ತಿದ, ಎತ್ತಿದ. ಕಣ್ಣೀರಿನಲ್ಲಿ ಅವನಿಗೇನೂ ಕಾಣುತ್ತಿರಲಿಲ್ಲ.

"ಜಾಗದಲ್ಲೇ ಬಿತ್ತೇನಮ್ಮ?" ಎಂದು ಕೇಳಿದ.

ಮಗಳು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. "ಜಾಗದಲ್ಲೇ ಬಿದ್ದಿದೆ ಅಪ್ಪ" ಅಂದಳು. ಆಮೇಲೆ, ಸೋತ ದಿನವೂ ಅಳದಿದ್ದವಳು, ನನ್ನ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.