ತಾಮ್ರ ಮುಚ್ಚಿದ ಬಿರುಕು

ಅವರ ಬಲಗೈಯ ಬೆರಳತುದಿಗಳು ಸವೆದು ನುಣ್ಣಗಾಗಿದ್ದವು. ಫೋನು ಅವರ ಹೆಬ್ಬೆರಳನ್ನು ಗುರುತಿಸುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಲೋಹದ ತುಂಡುಗಳನ್ನು ಉಪ್ಪುಕಾಗದದ ಮೇಲೆ ಉಜ್ಜಿದ ಫಲ ಅದು. ನಾನು ಹ್ಯೂಸ್ಟನ್ನಿನ ಲ್ಯಾಬಿಗೆ ಸೇರಿದಾಗ ಅವರದು ಪಿಎಚ್.ಡಿ.ಯ ಐದನೆಯ ವರ್ಷ. ಹುಬ್ಬಳ್ಳಿಯವರು. ನಾನು ಅಕ್ಕ ಅನ್ನುತ್ತಿದ್ದೆ.

ಸ್ಟೀಲಿಗೆ ತಾಮ್ರವನ್ನು ಬೆಸೆಯುವುದು ನಮ್ಮ ಕೆಲಸ. ಎರಡನ್ನೂ ಕರಗಿಸದೆ, ನಡುವೆ ಬೇರೊಂದು ಲೋಹವನ್ನು ಕರಗಿಸಿ ಹರಿಸುವ ಬೆಸುಗೆ, ಬ್ರೇಜಿಂಗ್. ಆಮೇಲೆ ಒಂದು ತುಂಡನ್ನು ಕೊಯ್ದು, ಕನ್ನಡಿಯಂತೆ ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇನ್ನೊಂದನ್ನು ಯಂತ್ರದಲ್ಲಿ ಎಳೆದು, ಎಷ್ಟು ಬಲಕ್ಕೆ ಮುರಿಯುತ್ತದೆಂದು ಬರೆದುಕೊಳ್ಳಬೇಕು.

ನನ್ನ ಮೊದಲ ತುಂಡನ್ನು ಅಕ್ಕನಿಗೆ ಹೆಮ್ಮೆಯಿಂದಲೇ ತೋರಿಸಿದೆ. ಒಂದೂ ಬಿರುಕಿರಲಿಲ್ಲ.

"ಮೇಕಪ್ ಮಾಡಿದ ಮದುಮಗಳ ಹಂಗ ಐತಿ. ತಡಿ, ಮುಖ ತೊಳಸೂನು," ಅಂದರು.

ಆಸಿಡ್ಡಿನಿಂದ ಒರೆಸಿ, ಮೆಲ್ಲಗೆ ಉಜ್ಜಿ, ಮತ್ತೆ ಒರೆಸಿದರು. ಸ್ಟೀಲಿನ ಅಂಚಿನಗುಂಟ ಕೂದಲೆಳೆಯಂಥ ಬಿರುಕು ಎದ್ದು ಬಂತು.

"ತಾಮ್ರ ಮೆತ್ತಗ ಇರತೈತಿ ತಂಗಿ. ಉಜ್ಜಿದಾಗ ಬಿರುಕಿನ ಮ್ಯಾಲೆ ಸವರಿಕೊಂಡು ಮುಚ್ಚಿಬಿಡತೈತಿ. ನಾನೂ ಹಿಂಗ ಮೋಸ ಹೋಗೇನಿ."

ಲ್ಯಾಬಿನ ಹಳೆಯ ತುಂಡುಗಳನ್ನೂ ಹೀಗೆ ತೊಳೆದೆವು. ಇಪ್ಪತ್ತರಲ್ಲಿ ಹದಿನಾಲ್ಕು ಬಿರುಕು ಬಿಟ್ಟಿದ್ದವು. ಬೆಸುಗೆಯ ಅಗ್ಗದ ತಂತಿಯಲ್ಲಿದ್ದ ರಂಜಕ ಕಬ್ಬಿಣದೊಡನೆ ಸೇರಿ ಗಾಜಿನಂತೆ ಒಡೆಯುವ ಪದರ ಕಟ್ಟುತ್ತಿತ್ತು. ಎಳೆದಾಗ ಕೆಲವು ತುಂಡುಗಳು ಬೇಗ ಮುರಿಯುತ್ತಿದ್ದುದು ಅದಕ್ಕೇ. ನಮ್ಮ ಗೈಡ್ ಮಾತ್ರ ಯಂತ್ರದ ಹಿಡಿತ ಸರಿಯಿಲ್ಲವೆಂದು ಅವನ್ನು ಲೆಕ್ಕದಿಂದ ಕೈಬಿಟ್ಟು, ಅಕ್ಕ ಮೊದಲ ವರ್ಷ ತೆಗೆದಿದ್ದ ಹೊಳೆಯುವ ಚಿತ್ರಗಳನ್ನು ಹಣ ಕೊಡುವ ಕಂಪನಿಗೆ ತೋರಿಸಿಬಿಟ್ಟಿದ್ದರು.

ಗೈಡ್ ಮೈಸೂರಿನವರು. ದನಿ ಎತ್ತಿದವರೇ ಅಲ್ಲ. ಅಕ್ಕ ಬಿರುಕಿನ ಚಿತ್ರಗಳನ್ನು ಮುಂದಿಟ್ಟಾಗಲೂ ಎತ್ತಲಿಲ್ಲ.

"ನೋಡಮ್ಮಾ, ಪ್ರಾಜೆಕ್ಟ್ ರಿನ್ಯೂ ಆಗ್ಬೇಕು. ಇದನ್ನ ಥೀಸಿಸ್‌ಗೆ ಹಾಕ್ಬೇಡ. ಸೈನ್ ಮಾಡ್ಕೊಡ್ತೀನಿ, ಮುಗಿಸ್ಕೊಂಡು ಹೋಗು."

"ಇದನ್ನ ಬಿಟ್ಟರ ಅದು ಥೀಸಿಸ್ ಯಾಕ್ರಿ ಸರ್? ಫೋಟೋ ಆಲ್ಬಮ್ ಆಗತೈತಿ," ಅಂದರು ಅಕ್ಕ.

"ಹಾಗಾದ್ರೆ ಇನ್ನೂ ರೆಡಿ ಇಲ್ಲ ಅಂತ ಬರೀತೀನಮ್ಮ."

ಬರೆದರು. ಮುಂದಿನ ಸೆಮಿಸ್ಟರಿಗೆ ಅಕ್ಕನ ಸ್ಟೈಪೆಂಡ್ ನಿಂತಿತು. ಗೈಡ್ ಒಪ್ಪದೆ ನಾವೇನು ಮಾಡುವುದು ಎಂದರು ಕಮಿಟಿಯ ಉಳಿದವರು. ಅಕ್ಕ ಎಂ.ಎಸ್. ಪದವಿಯನ್ನಷ್ಟೇ ತೆಗೆದುಕೊಂಡು, ರೌಂಡ್ ರಾಕ್ ಎಂಬ ಊರಿನಲ್ಲಿ ಕಂಪ್ಯೂಟರ್ ಪರೀಕ್ಷಿಸುವ ಕೆಲಸಕ್ಕೆ ಸೇರಿದರು. ಸಾಮಾನಿನ ಜೊತೆ ಅವರನ್ನು ನಾನೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು: "ಅಂವಾ ಒದರಾಡಿದ್ರ ಚಲೋ ಇತ್ತು ನೋಡು. ನಾನೂ ಒದರತಿದ್ದೆ."

ಮರುವರ್ಷ ಕಂಪನಿ ತಾನಾಗಿಯೇ ಆ ತಂತಿಯನ್ನು ಕೈಬಿಟ್ಟು ಬೆಳ್ಳಿ ಬೆರೆಸಿದ್ದಕ್ಕೆ ಬದಲಾಯಿತು. ಈಗ ಲ್ಯಾಬಿನಲ್ಲಿ ಪ್ರತಿ ತುಂಡನ್ನೂ ಎರಡು ಸಲ ಆಸಿಡ್ಡಿನಿಂದ ಒರೆಸಲೇಬೇಕು. "ಇದು ನಮ್ ಲ್ಯಾಬ್ ಪದ್ಧತಿ" ಎಂದು ಗೈಡ್ ಹೊಸಬರಿಗೆ ಕಲಿಸುತ್ತಾರೆ. ನನ್ನ ಥೀಸಿಸ್ ಪೂರ್ತಿ ನಿಂತಿರುವುದು ಅದರ ಮೇಲೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದರು.

ಕೃತಜ್ಞತೆಯ ಪುಟದಲ್ಲಿ ಮೊದಲು ಅಕ್ಕನ ಹೆಸರು ಬರೆದು, ಫೋನಿನಲ್ಲಿ ಓದಿ ಹೇಳಿದೆ.

"ತಗದಬಿಡು ತಂಗಿ. ನನ್ನ ಹೆಸರು ನನ್ನ ಥೀಸಿಸ್ ಮ್ಯಾಲೆ ಬರಬೇಕಿತ್ತು. ನಿಂದರೊಳಗ ಬ್ಯಾಡ."

ತೆಗೆದೆ. ಇಲ್ಲಿಯೂ ಬರೆದಿಲ್ಲ.